ದಾರ ಕಚ್ಚಿದ್ದಕ್ಕೆ ಬಂದಿದ್ದಲ್ಲ

ಮೂವತ್ತು ವರ್ಷದಿಂದ ಹರಿಹರದಲ್ಲಿ ಬ್ಲೌಸ್ ಹೊಲಿಯುತ್ತಿದ್ದೇನೆ. ಕತ್ತರಿ ಪಕ್ಕದಲ್ಲೇ ಬಿದ್ದಿರುತ್ತದೆ. ಆದರೂ ಹುಕ್ಸು ಹಚ್ಚಿ ಮುಗಿದ ಕೂಡಲೇ ಬಾಯಿ ತಾನಾಗಿ ಬಟ್ಟೆಯ ಹತ್ತಿರ ಹೋಗುತ್ತದೆ. ಎಡಗಡೆ ಕೋರೆಹಲ್ಲಿಗೆ ದಾರ ಸಿಕ್ಕಿಸಿ ಟಕ್ ಅಂತ ಕಡಿಯುವುದು. ಅಮ್ಮನೂ ಹಾಗೇ ಮಾಡುತ್ತಿದ್ದಳು. ಹೀಗಾಗಿ ಅದೇ ಕೋರೆಹಲ್ಲಿನ ಪಕ್ಕ ಎಕ್ಸ್‌ರೇಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಾಗ ನಾನು ಬೇರೆ ಕಾರಣ ಹುಡುಕಲೇ ಇಲ್ಲ. ದಾರ ಕಚ್ಚಿ ಕಚ್ಚಿ ನಾನೇ ತಂದುಕೊಂಡಿದ್ದು ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡೆ. ಆಗ ನನಗೆ 52.

ಅದು 2022ರ ಸೆಪ್ಟೆಂಬರ್. ದಸರಾಕ್ಕೆ ಬ್ಲೌಸುಗಳು ರಾಶಿ ಬಿದ್ದಿದ್ದವು. ಕೆಳದವಡೆಯಲ್ಲಿ ಎಡ ಕೋರೆಹಲ್ಲು ಆದಮೇಲೆ ಎರಡು ಸಣ್ಣ ಹಲ್ಲು ಬರುತ್ತವಲ್ಲ, ಅದರಲ್ಲಿ ಹಿಂದಿನದು ಹುಳುಕಾಗಿತ್ತು. ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು. ಸುಮ್ನೆ ಒಂದು ಫಿಲ್ಲಿಂಗ್ ಮಾಡಿಸಿಕೊಂಡು ಬರೋಣ ಅಂತ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಬಾಯೊಳಗೆ ಒಂದು ಪುಟ್ಟ ಬಿಲ್ಲೆ ಇಟ್ಟು ಎಕ್ಸ್‌ರೇ ತೆಗೆದರು. ಕಂಪ್ಯೂಟರ್ ನೋಡಿ ಹುಳುಕು ಹಲ್ಲಿನ ಮಾತೇ ಬಿಟ್ಟರು. ಚಿತ್ರದ ಅಂಚಿನಲ್ಲಿ, ಕೋರೆಹಲ್ಲಿನ ಬೇರಿಗೂ ಅದರ ಪಕ್ಕದ ಹಲ್ಲಿನ ಬೇರಿಗೂ ನಡುವೆ, ನೀರಿನ ಹನಿಯ ಹಾಗೆ ಒಂದು ಕಪ್ಪು ಗುರುತು. ಸುತ್ತ ಸಣ್ಣ ಬಿಳಿ ಗೆರೆ. ಪೆನ್ಸಿಲ್ಲಿನಲ್ಲಿ ಯಾರೋ ಅಂಚು ತಿದ್ದಿದ ಹಾಗಿತ್ತು.

"ಕೀವು ಕಟ್ಟಿದೆ ಅಮ್ಮಾ. ಹಲ್ಲು ಸತ್ತಿದೆ. ಎರಡಕ್ಕೂ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕ್ಬೇಕು."

"ಆ ಹಲ್ಲು ನೋವೇ ಇಲ್ವಲ್ಲ ಡಾಕ್ಟ್ರೇ?"

"ಸತ್ತ ಹಲ್ಲಿಗೆ ನೋವೆಲ್ಲಿಂದ ಬರ್ಬೇಕು?"

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಟ್ಟು 14,000 ರೂಪಾಯಿ ಅಂದರು. ನಾಳೆ ಬರ್ತೀನಿ ಅಂತ ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ನಾಲಿಗೆ ಅದೇ ಜಾಗ ತಡವುತ್ತಿತ್ತು. ಒಸಡು ಊದಿಲ್ಲ, ಹಲ್ಲು ಅಲ್ಲಾಡುವುದಿಲ್ಲ, ಬಣ್ಣವೂ ಮಾಸಿಲ್ಲ. ಸತ್ತ ಹಲ್ಲು ಇಷ್ಟು ಚೆನ್ನಾಗಿರುತ್ತಾ ಅನ್ನಿಸಿತು.

ಅಕ್ಕನ ಮಗಳು ದಾವಣಗೆರೆಯಲ್ಲಿ ನರ್ಸು. ರಾತ್ರಿ ಫೋನಿನಲ್ಲಿ ಹೇಳಿದೆ. "ಚಿಕ್ಕಮ್ಮ, ತಡಿ. ಹಲ್ಲು ಸತ್ತಿದೆ ಅಂತ ಹೆಂಗೆ ಹೇಳಿದ್ರು? ಟೆಸ್ಟ್ ಮಾಡಿದ್ರಾ?" ಅಂದಳು. ಟೆಸ್ಟ್ ಏನೂ ಮಾಡಿರಲಿಲ್ಲ. "ಹಂಗಾದ್ರೆ ಒಂದ್ಸಲ ಡೆಂಟಲ್ ಕಾಲೇಜಿಗೆ ತೋರ್ಸೋಣ, ಬಾ" ಅಂದಳು. ನೂರಾರು ರೂಪಾಯಿ ಬಟ್ಟೆ ಕತ್ತರಿಸುವ ಮುಂಚೆ ನಾನು ಎರಡು ಸಲ ಅಳತೆ ತೆಗೆಯುತ್ತೇನೆ. ಹಲ್ಲು ಕೊರೆಯುವ ಮುಂಚೆ ಒಂದು ಸಲವಾದರೂ ನೋಡಬೇಕು ಅಂತ ನನಗೇ ಹೊಳೆಯಲಿಲ್ಲ ನೋಡಿ.

ಕಾಲೇಜಿನಲ್ಲಿ ಬೆಳಿಗ್ಗೆ ಚೀಟಿ ಮಾಡಿಸಿ ಕೂತರೆ ಮಧ್ಯಾಹ್ನದವರೆಗೂ ಕಾಯಬೇಕು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ನೋಡಿದ್ದು ಪಿಜಿ ಓದುತ್ತಿದ್ದ ಒಬ್ಬ ಮಲಯಾಳಿ ಹುಡುಗಿ. ಕನ್ನಡ ಹರಕುಮುರುಕು, ಆದರೆ ಕೈ ಬಹಳ ಹಗುರ. ಮೊದಲು ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆತ್ತಗೆ ತಟ್ಟಿದಳು. ಆಮೇಲೆ ಗೆರೆ ಹಾಕಿದ ಒಂದು ಸಣ್ಣ ಕಡ್ಡಿಯನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿ ಆಳ ನೋಡಿದಳು. ಎಲ್ಲ ಕಡೆ ಎರಡು, ಮೂರು ಮಿಲಿಮೀಟರ್. ಅಂದರೆ ಒಸಡಿನ ರೋಗದಿಂದ ಆಗಿದ್ದಲ್ಲ.

ಆಮೇಲೆ ಒಂದು ಹತ್ತಿ ಉಂಡೆಗೆ ಏನೋ ಸ್ಪ್ರೇ ಹೊಡೆದಳು. ಹತ್ತಿಯ ಮೇಲೆ ಹಿಮ ಕೂತಿತು. ಅದನ್ನು ನೇರವಾಗಿ ಎಡಗಡೆಗೆ ತರಲಿಲ್ಲ. ಮೊದಲು ಬಲಗಡೆಯ ಕೋರೆಹಲ್ಲಿಗೆ ಇಟ್ಟಳು.

"ಅಮ್ಮ, ಇದು ಒಳ್ಳೇ ಹಲ್ಲು. ಹೇಗೆ ಆಗ್ತದೆ ನೋಡ್ಕೊಳ್ಳಿ. ತಣ್ಣಗೆ ಆದ್ರೆ ಕೈ ಎತ್ತಿ."

ಜುಮ್ ಅಂತು. ಕೈ ಎತ್ತಿದೆ. ಈಗ ಎಡಗಡೆ. ನಾನು ಉಸಿರು ಹಿಡಿದುಕೊಂಡೆ. ಕೋರೆಹಲ್ಲಿಗೆ ಹತ್ತಿ ತಾಗಿದ್ದೇ ತಡ, ನನ್ನ ಕೈ ಮೇಲೆ. ಪಕ್ಕದ ಹಲ್ಲು? ಮತ್ತೆ ಕೈ ಮೇಲೆ. ಅಷ್ಟಕ್ಕೇ ಬಿಡಲಿಲ್ಲ. ಹಲ್ಲಿನ ಮೇಲೆ ಒಂಚೂರು ಪೇಸ್ಟ್ ಸವರಿ, ಪೆನ್ನಿನಂಥ ಒಂದು ಯಂತ್ರದ ತುದಿ ಮುಟ್ಟಿಸಿದಳು. ಕರೆಂಟು ಮೆಲ್ಲಗೆ ಏರುತ್ತಾ ಹೋಗುತ್ತದೆ, ಚುರುಕ್ ಅಂದಾಗ ಹೇಳಬೇಕು. ಬಲಗಡೆ 28ಕ್ಕೆ ಅಂದೆ. ಎಡಗಡೆ 30ಕ್ಕೆ.

"ಎರಡೂ ಜೀವ ಇದೆ ಅಮ್ಮ" ಅಂದಳು.

ನಾನು ಹೆರಿಗೆ ಆಸ್ಪತ್ರೆಯಲ್ಲಿ ಸುದ್ದಿ ಕೇಳಿದವಳ ಹಾಗೆ ಕೈಮುಗಿದುಬಿಟ್ಟೆ. ಆ ಹುಡುಗಿ ನಕ್ಕಳು. ಆದರೆ ಆಮೇಲೆ ತಿಳಿಯಿತು, ಇಡೀ ವಿಷಯ ನಿಂತಿದ್ದೇ ಆ ಹತ್ತಿ ಉಂಡೆಯ ಮೇಲೆ. ದವಡೆಯಲ್ಲಿ ಆಗುವ ಸಿಸ್ಟುಗಳಲ್ಲಿ, ಅಂದರೆ ಮೂಳೆಯೊಳಗೆ ಕಟ್ಟುವ ಚೀಲಗಳಲ್ಲಿ, ಎಲ್ಲಕ್ಕಿಂತ ಜಾಸ್ತಿ ಕಾಣುವುದು ಸತ್ತ ಹಲ್ಲಿನದು. ಹುಳುಕು ಒಳಗಿನ ನರ ಮುಟ್ಟುತ್ತದೆ, ನರ ಸಾಯುತ್ತದೆ, ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತದೆ, ಅಲ್ಲಿ ಚೀಲ ಕಟ್ಟುತ್ತದೆ. ಒಮ್ಮೊಮ್ಮೆ ಸೋಂಕು ತುದಿಯ ಬದಲು ಬೇರಿನ ಪಕ್ಕದ ಸಣ್ಣ ಸಂದಿಯಿಂದ ಹೊರಬಂದು ಪಕ್ಕದಲ್ಲೇ ಚೀಲ ಕಟ್ಟುವುದೂ ಉಂಟು. ಎಕ್ಸ್‌ರೇಯಲ್ಲಿ ಅದು ನನ್ನದರ ಹಾಗೇ ಕಾಣುತ್ತದಂತೆ. ಅದಕ್ಕೆ ರೂಟ್ ಕೆನಾಲ್ ಸರಿಯಾದ ಚಿಕಿತ್ಸೆಯೇ. ಆದರೆ ಹಲ್ಲು ಬದುಕಿದ್ದರೆ ಲೆಕ್ಕವೇ ಬೇರೆ. ಆಗ ರೂಟ್ ಕೆನಾಲ್ ಮಾಡಿದರೆ ಒಳ್ಳೆಯ ಹಲ್ಲು ಹೋಗುತ್ತದೆ, ಚೀಲ ಅಲ್ಲೇ ಇರುತ್ತದೆ. ಆ ಕ್ಲಿನಿಕ್ಕಿನ ಡಾಕ್ಟರಿಗೆ ಒಂದು ಉಂಡೆ ಹತ್ತಿ ಖರ್ಚು ಮಾಡಲು ಏನು ಕಷ್ಟವಿತ್ತೋ.

ಆವತ್ತೇ ದೊಡ್ಡ ಎಕ್ಸ್‌ರೇ ಆಯಿತು. ಗದ್ದ ಊರಿ ನಿಂತರೆ ಯಂತ್ರ ತಲೆ ಸುತ್ತ ಒಂದು ಸುತ್ತು ಬರುತ್ತದೆ, ಎರಡೂ ದವಡೆ ಒಂದೇ ಚಿತ್ರದಲ್ಲಿ. ನನ್ನ ಹುಳುಕು ಹಲ್ಲಿಗೆ ಫಿಲ್ಲಿಂಗೂ ಆಯಿತು. ಆ ಬಡಪಾಯಿ ಹಲ್ಲನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಮುಂದಿನ ವಾರ ಸಿಬಿಸಿಟಿ ಅನ್ನುವ ಸ್ಕ್ಯಾನ್. ಅದರಲ್ಲಿ ಮೂಳೆಯನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ತಿರುಗಿಸಿ ತಿರುಗಿಸಿ ನೋಡಬಹುದು. ಅಗಲ 6 ಮಿಲಿಮೀಟರ್, ಎತ್ತರ 9. ನಾನು ಲೆಕ್ಕ ಹಾಕಿದೆ. ಶರ್ಟಿನ ಕಾಲರ್ ತುದಿಗೆ ಹಚ್ಚುವ ಪುಟ್ಟ ಗುಂಡಿಯಷ್ಟು. ಹೊರಗಡೆಯ ಮೂಳೆ ಒಂದು ಜಾಗದಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು.

ಪ್ರೊಫೆಸರ್ ಬಂದು ನೋಡಿದರು. ನಿವೃತ್ತಿಗೆ ಹತ್ತಿರ ಬಂದ ಮೇಷ್ಟರ ಹಾಗಿದ್ದರು. ಹುಡುಗಿಯನ್ನೇ ಕೇಳಿದರು, ಏನಿರಬಹುದು ಅಂತ. ಅವಳು ಒಂದೊಂದಾಗಿ ಹೇಳಿದಳು. ಆ ಜಾಗದ ಹತ್ತಿರ ದವಡೆಯಲ್ಲಿ ಹುಟ್ಟಿನಿಂದಲೇ ನರ ಹೊರಗೆ ಬರುವ ಒಂದು ತೂತು ಇರುತ್ತದೆ, ಅದು ಎಕ್ಸ್‌ರೇಯಲ್ಲಿ ಕಪ್ಪಾಗಿ ಕಂಡು ಮೋಸ ಮಾಡುತ್ತದೆ. ಆದರೆ ಸ್ಕ್ಯಾನಿನಲ್ಲಿ ತೂತು ಬೇರೆ, ಇದು ಬೇರೆ. ಸತ್ತ ಹಲ್ಲಿನ ಸಿಸ್ಟ್ ಅಲ್ಲ. ಕೆರಟೋಸಿಸ್ಟ್ ಅನ್ನುವ ಇನ್ನೊಂದು ಬಗೆಯ ಚೀಲ ಇರಬಹುದು, ಇನ್ನೂ ಚಿಕ್ಕದಿರುವ ಗಡ್ಡೆ ಇರಬಹುದು, ಇಲ್ಲವೇ ಲ್ಯಾಟರಲ್ ಪೆರಿಯೊಡಾಂಟಲ್ ಸಿಸ್ಟ್. ಅಂದರೆ ಹಲ್ಲಿನ ಪಕ್ಕದಲ್ಲಿ ತಾನಾಗಿ ಬೆಳೆಯುವ ಚೀಲ.

"ಎಲ್ಲಾ ಲಕ್ಷಣ ಕಡೇದಕ್ಕೇ ಹೊಂದುತ್ತೆ" ಅಂದರು ಪ್ರೊಫೆಸರ್. "ಆದ್ರೆ ಎಕ್ಸ್‌ರೇ ನೋಡಿ ಹೆಸರು ಬರೀಬಾರ್ದು. ತೆಗೆದು, ಸ್ಲೈಡ್ ಮಾಡಿ, ಆಮೇಲೆ ಹೆಸರು."

ಗಡ್ಡೆ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಉಳಿದಿದ್ದು ನನಗೆ ಕೇಳಿಸಿರಲಿಲ್ಲ. ನಮ್ಮ ಬೀದಿಯಲ್ಲೇ ಗುಟ್ಕಾ ತಿಂದು ಬಾಯಿ ತೆರೆಯಲಾಗದೆ ಹೋದವರನ್ನು ನೋಡಿದ್ದೇನೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಸಾರ್, ನಾನು ಮೂವತ್ತು ವರ್ಷದಿಂದ ಅದೇ ಹಲ್ಲಲ್ಲಿ ದಾರ ಕಚ್ತೀನಿ. ಅದಕ್ಕೇ ಹಿಂಗಾಯ್ತಾ?"

ಅವರು ಸ್ಟೂಲ್ ಎಳೆದುಕೊಂಡು ಕೂತರು. "ಟೈಲರಾ ನೀವು? ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ಇದು ನೀವು ಹುಟ್ಟೋಕೆ ಮುಂಚಿನ ಕಥೆ."

ಅವರು ಹೇಳಿದ್ದು ಹೀಗೆ. ಮಗು ಹೊಟ್ಟೆಯಲ್ಲಿರುವಾಗ, ಸುಮಾರು ಆರನೇ ವಾರದಲ್ಲಿ, ಬಾಯೊಳಗಿನ ಚರ್ಮದ ಒಂದು ಪಟ್ಟಿ ದವಡೆಯ ಒಳಕ್ಕೆ ಇಳಿಯುತ್ತದೆ. ಲೇಸಿನ ಪಟ್ಟಿ ಅಂದುಕೊಳ್ಳಿ. ಅದರಲ್ಲಿ ಅಲ್ಲಲ್ಲಿ ಮೊಗ್ಗು ಬಿಡುತ್ತದೆ. ಒಂದೊಂದು ಮೊಗ್ಗೂ ಒಂದೊಂದು ಹಲ್ಲು. ಹಾಲುಹಲ್ಲು ಆದಮೇಲೆ ಬರುವ ಹಲ್ಲುಗಳೂ ಆ ಪಟ್ಟಿಯಿಂದಲೇ. ಅದಕ್ಕೆ ಡೆಂಟಲ್ ಲ್ಯಾಮಿನಾ ಅಂತ ಹೆಸರು. ಹಲ್ಲುಗಳು ರೂಪ ತಳೆದ ಮೇಲೆ ಪಟ್ಟಿಗೆ ಕೆಲಸವಿಲ್ಲ. ಅದು ತುಂಡು ತುಂಡಾಗಿ ಕರಗಿ ಹೋಗುತ್ತದೆ.

"ಕಚ್ಚಾ ಹೊಲಿಗೆ ಹಾಗೆ" ಅಂದೆ ನಾನು.

ಅವರಿಗೆ ಗೊತ್ತಾಗಲಿಲ್ಲ. ವಿವರಿಸಿದೆ. ಲೈನಿಂಗ್ ಜಾರಬಾರದು ಅಂತ ಮೊದಲು ಕೈಯಲ್ಲಿ ಉದ್ದುದ್ದ ಹೊಲಿಗೆ ಹಾಕುತ್ತೇವೆ. ಮಿಷನ್ ಹೊಲಿಗೆ ಬಿದ್ದಮೇಲೆ ಅದನ್ನು ಎಳೆದು ಬಿಸಾಡುತ್ತೇವೆ. ಎಷ್ಟೇ ಹುಷಾರಾಗಿ ಎಳೆದರೂ ಒಳಗಡೆ ಎಲ್ಲೋ ಒಂದು ತುಂಡು ದಾರ ಉಳಿದಿರುತ್ತದೆ. ವರ್ಷಗಟ್ಟಲೆ ಯಾರಿಗೂ ತೊಂದರೆ ಇಲ್ಲ.

"ಅದೇ, ಅದೇ" ಅಂತ ಅವರು ಹುಡುಗಿಯ ಕಡೆ ತಿರುಗಿದರು. "ಬರ್ಕೊ, ಇದನ್ನ ಕ್ಲಾಸಲ್ಲಿ ಹೇಳೋಣ."

ಹಾಗೆ ಉಳಿದ ತುಣುಕುಗಳಿಗೆ ಸೆರ್ರೆಯ ಉಳಿಕೆಗಳು ಅಂತ ಕರೆಯುತ್ತಾರೆ. ಫ್ರಾನ್ಸಿನ ಆಂಟ್ವಾನ್ ಸೆರ್ರೆ 1817ರಲ್ಲಿ ಇವುಗಳ ಬಗ್ಗೆ ಬರೆದಿದ್ದರಂತೆ. ಬೇರು ಬೆಳೆಯುವಾಗಲೂ ಇಂಥದ್ದೇ ಇನ್ನೊಂದು ಬಗೆಯ ತುಣುಕು ಉಳಿಯುತ್ತದೆ. ಅದಕ್ಕೆ ಮಲಾಸೆ ಹೆಸರು, 1885ರದು, ಅವರೂ ಫ್ರಾನ್ಸಿನವರೇ. ಸತ್ತ ಹಲ್ಲಿನ ಸಿಸ್ಟ್ ಹುಟ್ಟುವುದು ಆ ಮಲಾಸೆಯ ತುಣುಕಿನಿಂದ, ಸೋಂಕು ಕೆರಳಿಸಿದಾಗ. ನನ್ನ ಥರದ್ದು ಎಲ್ಲಿಂದ ಅನ್ನುವುದರ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. ಮಲಾಸೆಯ ತುಣುಕು ಅಂದವರಿದ್ದಾರೆ. ಹಲ್ಲಿನ ಎನಾಮಲ್ ಕಟ್ಟಿ ಮುಗಿದ ಮೇಲೆ ಅದನ್ನು ಹೊದ್ದುಕೊಂಡಿರುವ ಪೊರೆಯಿಂದ ಅಂದವರೂ ಇದ್ದಾರೆ. ಈಗ ಹೆಚ್ಚಿನವರು ಒಪ್ಪುವುದು ಲ್ಯಾಮಿನಾದ ಉಳಿಕೆಯನ್ನು. ಅದಕ್ಕೆ ಸಾಕ್ಷಿ ಏನು ಅಂತ ಕೇಳಿದ್ದಕ್ಕೆ, "ಸ್ಲೈಡ್ ಬಂದ್ಮೇಲೆ ತೋರಿಸ್ತೀನಿ" ಅಂದರು.

ಐವತ್ತು ವರ್ಷ ಸುಮ್ಮನೆ ಮಲಗಿದ್ದ ತುಣುಕು ಈಗ ಯಾಕೆ ಎದ್ದಿತು? ಅದಕ್ಕೆ ಇನ್ನೂ ಯಾರ ಹತ್ತಿರವೂ ಉತ್ತರ ಇಲ್ಲವಂತೆ. ದಾರ ಕಾರಣವಲ್ಲ, ಎಲೆ ಅಡಿಕೆ ಕಾರಣವಲ್ಲ, ಸಿಹಿ ತಿಂದಿದ್ದೂ ಕಾರಣವಲ್ಲ. ನನಗೆ ಸಮಾಧಾನವೂ ಆಯಿತು, ಒಂಥರಾ ಪೆಚ್ಚೂ ಆಯಿತು. ಬೈದುಕೊಳ್ಳಲು ಯಾರೂ ಸಿಗದಿದ್ದರೆ ಹಾಗಾಗುತ್ತದೆ ಅಲ್ವಾ.

ದೀಪಾವಳಿ ಮುಗಿಯುವ ತನಕ ಕಾಯಬಹುದಾ ಅಂತ ಕೇಳಿದೆ. ಇದು ಓಡುವ ಕಾಯಿಲೆಯಲ್ಲ, ಕಾಯಬಹುದು, ಆದರೆ ಮರೆಯಬೇಡಿ ಅಂದರು.

ನವೆಂಬರಿನಲ್ಲಿ ಆಪರೇಷನ್. ರಕ್ತ, ಸಕ್ಕರೆ, ಬಿಪಿ ಎಲ್ಲ ಆದಮೇಲೆ ಒಪ್ಪಿಗೆ ಪತ್ರ ಕೊಟ್ಟರು. ನಮ್ಮ ಯಜಮಾನರು ಗಟ್ಟಿಯಾಗಿ ಓದುತ್ತಾ ಹೋದವರು ಒಂದು ಕಡೆ ನಿಂತರು. "ಮೆಂಟಲ್ ನರಕ್ಕೆ ಪೆಟ್ಟಾಗುವ ಸಾಧ್ಯತೆ ಇರುತ್ತದೆ." ಮುಖದಲ್ಲಿ ರಕ್ತವೇ ಇರಲಿಲ್ಲ. "ಇವ್ಳಿಗೆ ತಲೆಗೇನಾದ್ರೂ ಆಗುತ್ತಾ ಡಾಕ್ಟ್ರೇ?" ಮೆಂಟಲ್ ಅಂದರೆ ಇಲ್ಲಿ ಗದ್ದ ಅಂತ ಅರ್ಥ, ಲ್ಯಾಟಿನ್ ಮಾತು. ಕೆಳತುಟಿಗೂ ಗದ್ದಕ್ಕೂ ಹೋಗುವ ನರ ಅದು. ಪೆಟ್ಟಾದರೆ ತುಟಿ ಸ್ವಲ್ಪ ದಿನ ಜೋಮು ಹಿಡಿದ ಹಾಗಿರುತ್ತದೆ. ಅಷ್ಟೇ. ಇವತ್ತಿಗೂ ನಾನು ಸಿಟ್ಟಾದಾಗ ಅವರು ಗದ್ದ ತೋರಿಸಿ "ಆ ನರ ಸರಿ ಇದೆಯಾ ನೋಡ್ಕೊ" ಅನ್ನುತ್ತಾರೆ.

ಇಂಜೆಕ್ಷನ್ ಚುಚ್ಚಿದ್ದಷ್ಟೇ ನೋವು. ಆಮೇಲೆ ತಳ್ಳಿದ್ದು, ಎಳೆದಿದ್ದು, ನೀರು ಹಾಯಿಸಿದ್ದು ಗೊತ್ತಾಗುತ್ತಿತ್ತು. ಒಸಡನ್ನು ಕೊಯ್ದು ಹೊದಿಕೆಯ ಹಾಗೆ ಬಿಡಿಸಿದರು. ತೆಳ್ಳಗಾಗಿದ್ದ ಮೂಳೆಯಲ್ಲಿ ಕಿಟಕಿ ಮಾಡಿ ಸಣ್ಣ ಚಮಚದಂಥ ಸಲಕರಣೆಯಿಂದ ಚೀಲವನ್ನು ಸುತ್ತಲೂ ಬಿಡಿಸಿ ಹೊರಗೆ ತೆಗೆದರು. ಹಲ್ಲು ಎರಡೂ ಇದ್ದಲ್ಲೇ. ನಲವತ್ತು ನಿಮಿಷ ಆಗಿರಬಹುದು. ನೋಡಬೇಕು ಅಂತ ಸನ್ನೆ ಮಾಡಿದೆ. ಫಾರ್ಮಲಿನ್ ಬಾಟಲಿ ಕಣ್ಣ ಮುಂದೆ ಹಿಡಿದರು. ಈರುಳ್ಳಿಯ ಒಳಪೊರೆಯ ಥರ ಒಂದು ಚೂರು, ಮುದುಡಿಕೊಂಡು ತೇಲುತ್ತಿತ್ತು. ಇಷ್ಟಕ್ಕಾ ನಾನು ಎರಡು ತಿಂಗಳು ನಿದ್ದೆ ಕೆಟ್ಟಿದ್ದು ಅನ್ನಿಸಿತು.

ಹೊಲಿಗೆ ಹಾಕುವಾಗ ಮಾತ್ರ ನಾನು ಪೂರ್ತಿ ಎಚ್ಚರ. ಮೇಲಿನ ದೀಪದ ಗಾಜಿನಲ್ಲಿ ಅವರ ಕೈ ಕಾಣುತ್ತಿತ್ತು. ಬಾಗಿದ ಸೂಜಿ, ಕಪ್ಪು ರೇಷ್ಮೆ ದಾರ. ಒಂದು ಹೊಲಿಗೆ, ಗಂಟು, ಕತ್ತರಿ. ಮತ್ತೊಂದು ಹೊಲಿಗೆ, ಗಂಟು, ಕತ್ತರಿ. ಒಟ್ಟು ನಾಲ್ಕು. ವಾರದ ನಂತರ ಬಿಚ್ಚಿಸಲು ಹೋದಾಗ ಕೇಳಿದೆ, ಒಂದೇ ದಾರದಲ್ಲಿ ಸಾಲಾಗಿ ಹೊಲಿಯಬಹುದಿತ್ತಲ್ಲ ಅಂತ. "ಅದ್ರಲ್ಲಿ ಒಂದು ಕಡೆ ಕಿತ್ರೆ ಎಲ್ಲಾ ಬಿಚ್ಚಿಕೊಳ್ಳುತ್ತೆ. ಇದ್ರಲ್ಲಿ ಒಂದು ಹೋದ್ರೆ ಮೂರು ಉಳಿಯುತ್ತೆ" ಅಂದರು ಸರ್ಜನ್. ನಾವೂ ಹುಕ್ಸನ್ನು ಅದಕ್ಕೇ ಒಂದೊಂದಾಗಿ ಗಂಟು ಹಾಕುವುದು.

ಆ ವಾರ ಗಂಜಿ, ಮಜ್ಜಿಗೆ ಅನ್ನ, ಆರಿದ ಸಾರು. ಮಂಡಕ್ಕಿ ಮಿರ್ಚಿ ಕಡೆ ತಿರುಗಿಯೂ ನೋಡಬಾರದು ಅಂದಿದ್ದರು. ಮನೆಯವರೆಲ್ಲ ನನ್ನ ಮುಂದೆಯೇ ಕೂತು ತಿಂದರು, ಅದು ಬೇರೆ ವಿಷಯ. ಎಡತುಟಿಯ ಅಂಚಿನಲ್ಲಿ ಇರುವೆ ಹರಿದ ಹಾಗೆ ಮೂರು ವಾರ ಇತ್ತು. ಆಮೇಲೆ ತಾನಾಗಿ ಹೋಯಿತು.

ರಿಪೋರ್ಟ್ ಬರಲು ಎಂಟು ದಿನ. ಅದನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಮೇಲೆ ಹಚ್ಚುತ್ತಾರಂತೆ. ಪ್ರೊಫೆಸರ್ ಕೊಟ್ಟ ಮಾತನ್ನು ಮಲಯಾಳಿ ಹುಡುಗಿ ಮರೆತಿರಲಿಲ್ಲ. ಪ್ಯಾಥಾಲಜಿ ವಿಭಾಗಕ್ಕೆ ಕರೆದುಕೊಂಡು ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಪ್ರೊಫೆಸರೂ ಬಂದರು.

ಮೊದಲು ಬರೀ ಗುಲಾಬಿ ಮೋಡ. ಕಣ್ಣು ಹೊಂದಿಕೊಂಡ ಮೇಲೆ ಒಂದು ನೇರಳೆ ಅಂಚು ಕಂಡಿತು. ಅದೇ ಚೀಲದ ಒಳಪದರ. ಜೀವಕೋಶಗಳು ಎರಡೇ ಸಾಲು, ಕೆಲವು ಕಡೆ ಮೂರು. ಸೀರೆಯ ಅಂಚು ಮಡಿಸಿದಷ್ಟು ತೆಳು. ಅಲ್ಲಲ್ಲಿ ಮಾತ್ರ ಅದು ಇದ್ದಕ್ಕಿದ್ದಂತೆ ದಪ್ಪವಾಗಿ ಗಂಟು ಬಿದ್ದ ಹಾಗಿತ್ತು. ಆ ಗಂಟುಗಳಲ್ಲಿ ಕೆಲವು ಕೋಶಗಳು ಬಣ್ಣವೇ ಹಿಡಿಯದೆ ನೀರು ತುಂಬಿದ ಹಾಗೆ ತಿಳಿಯಾಗಿದ್ದವು.

"ಅವೇ ಕ್ಲಿಯರ್ ಸೆಲ್ಸ್" ಅಂದರು ಪ್ರೊಫೆಸರ್. ಒಳಗೆ ಗ್ಲೈಕೋಜನ್, ಅಂದರೆ ಕೋಶ ಕೂಡಿಟ್ಟುಕೊಂಡ ಸಕ್ಕರೆ, ಇರುತ್ತದೆ. ಅಂಥದೇ ತಿಳಿ ಕೋಶಗಳು ಡೆಂಟಲ್ ಲ್ಯಾಮಿನಾದ ಉಳಿಕೆಗಳಲ್ಲೂ ಇರುತ್ತವೆ. ಹುಟ್ಟು ಎಲ್ಲಿಂದ ಅನ್ನುವುದಕ್ಕೆ ಅವರು ಹೇಳಿದ ಸಾಕ್ಷಿ ಅದು. ಬಟ್ಟೆಯ ಚೂರು ನೋಡಿ ಯಾವ ಥಾನಿನದು ಅಂತ ಹೇಳುವ ಹಾಗೆ. ಇದೇ ಚೀಲ ಮೂಳೆಯೊಳಗೆ ಅಲ್ಲದೆ ಬರೀ ಒಸಡಿನಲ್ಲಿ ಆದರೆ ಅದಕ್ಕೆ ಬೇರೆ ಹೆಸರು, ಆದರೆ ಸ್ಲೈಡಿನಲ್ಲಿ ಇದರ ಒಡಹುಟ್ಟಿನ ಹಾಗೇ ಕಾಣುತ್ತದಂತೆ.

ಕೆರಟೋಸಿಸ್ಟ್ ಆಗಿದ್ದರೆ ಒಳಪದರದ ಮೇಲೆ ಕೆರಟಿನ್, ಅಂದರೆ ಉಗುರಿನಲ್ಲಿರುವಂಥ ವಸ್ತುವಿನ ಹೊದಿಕೆ ಇರುತ್ತಿತ್ತು. ಇರಲಿಲ್ಲ. ಅದು ತೆಗೆದ ಮೇಲೂ ಮರಳಿ ಬರುವ ಜಾತಿ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದನ್ನು ಟ್ಯೂಮರ್ ಅಂತ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್ ಅಂತ ವಾಪಸ್ ತಂದರಂತೆ. ನಮ್ಮ ರೇಷನ್ ಕಾರ್ಡಿನ ಥರ. ಇನ್ನೊಂದು ಬಗೆ ಇದೆ, ಬಾಟ್ರಿಯಾಯ್ಡ್ ಅಂತ. ಗ್ರೀಕಿನಲ್ಲಿ ದ್ರಾಕ್ಷಿ ಗೊಂಚಲು. ಇದೇ ಚೀಲ ಹಲವು ಕೋಣೆಗಳಾಗಿ ಬೆಳೆದರೆ ಆ ಹೆಸರು. 1973ರಲ್ಲಿ ವೆದರ್ಸ್, ವಾಲ್ಡ್ರನ್ ಅನ್ನುವವರು ಮೊದಲು ವಿವರಿಸಿದ್ದು. ಅದೂ ಮರಳಿ ಬರುವುದುಂಟು. ನನ್ನದು ಒಂಟಿ ಕೋಣೆ.

ರಿಪೋರ್ಟಿನ ಕೊನೆಯ ಸಾಲಿನಲ್ಲಿ ಹೆಸರು ಬಂತು. ಲ್ಯಾಟರಲ್ ಪೆರಿಯೊಡಾಂಟಲ್ ಸಿಸ್ಟ್. ದವಡೆಯ ಸಿಸ್ಟುಗಳಲ್ಲಿ ನೂರಕ್ಕೆ ಎರಡೂ ಇರುವುದಿಲ್ಲ. ಸಿಕ್ಕಿದವುಗಳಲ್ಲಿ ನೂರಕ್ಕೆ 75–80 ಕೆಳದವಡೆಯ ಕೋರೆಹಲ್ಲಿನ ಆಸುಪಾಸಿನಲ್ಲೇ, ಅದೂ ನನ್ನ ವಯಸ್ಸಿನವರಿಗೇ ಜಾಸ್ತಿ. ನೋವಿರುವುದಿಲ್ಲ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಕಣ್ಣಿಗೆ ಬೀಳುತ್ತದೆ. ನನಗೂ ಹಾಗೇ ಆಗಿತ್ತು, ಹುಳುಕು ಹಲ್ಲಿನ ದೆಸೆಯಿಂದ.

ಆರು ತಿಂಗಳಿಗೆ ಎಕ್ಸ್‌ರೇಯಲ್ಲಿ ಕಪ್ಪು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತ್ತು. ವರ್ಷಕ್ಕೆ ಸುತ್ತಲ ಮೂಳೆಗೂ ಅದಕ್ಕೂ ವ್ಯತ್ಯಾಸ ಹುಡುಕಬೇಕಿತ್ತು. ಪ್ರೊಫೆಸರ್ ಹಿಮದ ಹತ್ತಿ ಮತ್ತೊಮ್ಮೆ ತರಿಸಿದರು. ಎರಡೂ ಹಲ್ಲಿಗೆ ಕೈ ಎತ್ತಿದೆ.

"ಇನ್ನೂ ದಾರ ಕಚ್ತೀರಾ?"

"ಎಡಗಡೆ ಬಿಟ್ಟಿದೀನಿ ಸಾರ್. ಈಗ ಬಲಗಡೆ."

ಅವರು ಮಾತಾಡಲಿಲ್ಲ. ಕೈಗನ್ನಡಿ ಕೊಟ್ಟು, ಇನ್ನೊಂದು ಪುಟ್ಟ ಕನ್ನಡಿ ಬಾಯೊಳಗೆ ಹಿಡಿದು, ಮೇಲಿನ ಎಡ ಕೋರೆಹಲ್ಲಿನ ತುದಿ ತೋರಿಸಿದರು. ಸಣ್ಣ ಕಚ್ಚು. ಸೂಜಿಕಣ್ಣಿನಷ್ಟು. ದಾರ ಸರಿಯಾಗಿ ಕೂರುವಷ್ಟು.

"ಆ ಸಿಸ್ಟಿಗೆ ದಾರ ಕಾರಣ ಅಲ್ಲ ಅಂದೆ. ಇದಕ್ಕೆ ಅದೇ ಕಾರಣ."

ಈಗ ಒಂದು ಪುಟ್ಟ ಕತ್ತರಿಗೆ ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ. ಅಂಗಡಿಗೆ ಬಂದವರು ಅದೇನು ಅಂತ ಕೇಳುತ್ತಾರೆ. ಹಬ್ಬದ ಮುಂಚೆ, ಗಿರಾಕಿ ಬಾಗಿಲಲ್ಲೇ ನಿಂತಿದ್ದಾಗ, ಕೊರಳಿಗೆ ಕೈ ಹೋಗುವ ಮುಂಚೆ ಬಾಯಿ ಹೋಗಿರುತ್ತದೆ.